ಚಿಕ್ಕಮಗಳೂರಿನಲ್ಲಿ ಎಸರು ಮರಳುವ ತಾಪ: ಅಣುಗಳ ಆಕರ್ಷಣೆಯನ್ನು ಅಳೆದು ನೋಡುವ ಪ್ರಯೋಗಕ್ಕೆ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಶುದ್ಧ ನೀರು ಸುಮಾರು 96.4 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯತೊಡಗುತ್ತದೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಥರ್ಮಾಮೀಟರ್ ತೋರಿಸಿದ್ದನ್ನು ನೋಡಿ ರೆಕಾರ್ಡ್ ಪುಸ್ತಕದಲ್ಲಿ 96 ಎಂದು ಬರೆದಿದ್ದೆ; ತಿದ್ದಿದವರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು 100 ಎಂದು ಮಾಡಿಕೊಟ್ಟರು. ಆ ನಾಲ್ಕು ಡಿಗ್ರಿಯ ವ್ಯತ್ಯಾಸವನ್ನು ಸರಿಯಾಗಿ ವಿವರಿಸಬಲ್ಲವರಿಗೆ ಅಣುಗಳ ಆಕರ್ಷಣೆಯೂ ದ್ರವ್ಯದ ಅವಸ್ಥೆಗಳ ಬದಲಾವಣೆಯೂ ಬಹುಮಟ್ಟಿಗೆ ಅರ್ಥವಾಗಿದೆ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ, ನಾನೇ ಮಕ್ಕಳಿಗೆ ಈ ಪ್ರಯೋಗವನ್ನು ಮಾಡಿಸತೊಡಗಿದಾಗ.

ಆದ್ದರಿಂದ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಪ್ರೌಢಶಾಲೆಯ ಶಿಕ್ಷಕರನ್ನೂ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮುಖ್ಯ ಪ್ರಯೋಗ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಅದರ ಜೊತೆಗಿರುವ ಸಣ್ಣ ಪ್ರಯೋಗಗಳನ್ನು ಮನೆಯಲ್ಲಿಯೂ ಮಾಡಬಹುದು.

ಕೈಹಾಕುವ ಮೊದಲು

ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್ ಪರಮಾಣುವಿಗೆ ಎರಡು ಹೈಡ್ರೋಜನ್ ಪರಮಾಣುಗಳು ಅಂಟಿಕೊಂಡಿವೆ. ಈ ಬಂಧ ಬಹಳ ಗಟ್ಟಿ. ಒಂದು ಮೋಲ್‌ನಷ್ಟು (ಅಣುಗಳಂಥ ಅತಿ ಸಣ್ಣ ವಸ್ತುಗಳನ್ನು ಎಣಿಸಲು ಬಳಸುವ ಬಹು ದೊಡ್ಡ ಗೊತ್ತಾದ ಸಂಖ್ಯೆಯೇ ಮೋಲ್) ಇಂಥ ಬಂಧಗಳನ್ನು ಮುರಿಯಲು ಸುಮಾರು 463 ಕಿಲೋಜೂಲ್ ಬೇಕು. ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ ಇರುವ ಸೆಳೆತ ಇದಲ್ಲ, ಬೇರೆಯದು. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಅದರ ಕಡೆ ಅಲ್ಪ ಋಣಾವೇಶವೂ ಹೈಡ್ರೋಜನ್‌ಗಳ ಕಡೆ ಅಲ್ಪ ಧನಾವೇಶವೂ ನೆಲೆಸುತ್ತವೆ. ಒಂದು ಅಣುವಿನ ಹೈಡ್ರೋಜನ್ ಇನ್ನೊಂದು ಅಣುವಿನ ಆಕ್ಸಿಜನ್‌ನತ್ತ ವಾಲುತ್ತದೆ. ಇದೇ ಹೈಡ್ರೋಜನ್ ಬಂಧ. ಹೆಸರಿನಲ್ಲಿ ಬಂಧವೆಂದಿದ್ದರೂ ಇದರ ಬಲ ಮೋಲ್‌ಗೆ ಸುಮಾರು 20 ಕಿಲೋಜೂಲ್, ಎಂದರೆ ಅಣುವಿನೊಳಗಿನ ಬಂಧದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ.

ಇಲ್ಲಿಯೇ ಬಹಳ ಮಕ್ಕಳು ಎಡವುತ್ತಾರೆ. ಕುದಿಯುವ ನೀರಿನ ಗುಳ್ಳೆಗಳಲ್ಲಿ ಏನಿದೆ ಎಂದು ಕೇಳಿದರೆ ಹೈಡ್ರೋಜನ್ ಮತ್ತು ಆಕ್ಸಿಜನ್ ಎನ್ನುತ್ತಾರೆ. ಗುಳ್ಳೆಯಲ್ಲಿರುವುದು ನೀರೇ. ಅಣುಗಳು ಒಡೆದಿಲ್ಲ, ಒಂದನ್ನೊಂದು ಬಿಟ್ಟು ದೂರ ಸರಿದಿವೆ. ಈ ಒಂದು ಮಾತು ಸ್ಪಷ್ಟವಾಗುವವರೆಗೆ ಒಲೆ ಹಚ್ಚಬಾರದೆಂಬುದು ನನ್ನ ಅಭಿಪ್ರಾಯ.

ಹೈಡ್ರೋಜನ್ ಬಂಧವಿಲ್ಲದ ಅಣುಗಳೂ ಒಂದನ್ನೊಂದು ಸೆಳೆಯುತ್ತವೆ. ಅನಿಲದ ಅಣುಗಳ ನಡುವೆಯೂ ಸೆಳೆತವಿದೆ, ಅದಿಲ್ಲದಿದ್ದರೆ ಅನಿಲ ದ್ರವವಾಗಲು ಸಾಧ್ಯವೇ ಇಲ್ಲ ಎಂಬುದನ್ನು ಗಣಿತಕ್ಕೆ ಅಳವಡಿಸಿದವರು ಡಚ್ ವಿಜ್ಞಾನಿ ವಾನ್ ಡರ್ ವಾಲ್ಸ್. 1873ರ ಅವರ ಪ್ರಬಂಧದಿಂದ ಆರಂಭವಾದ ಆ ಕೆಲಸಕ್ಕೆ 1910ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಧ್ರುವಗಳೇ ಇಲ್ಲದ ಅಣುಗಳಲ್ಲಿಯೂ ಎಲೆಕ್ಟ್ರಾನುಗಳು ಕ್ಷಣಕಾಲ ಒಂದು ಬದಿಗೆ ಸರಿಯುವುದರಿಂದ ಪಕ್ಕದ ಅಣುವಿನಲ್ಲಿಯೂ ಅಂಥದೇ ಸರಿದಾಟ ಉಂಟಾಗಿ ಎರಡೂ ಸೆಳೆದುಕೊಳ್ಳುತ್ತವೆ ಎಂದು 1930ರಲ್ಲಿ ಫ್ರಿಟ್ಜ್ ಲಂಡನ್ ತೋರಿಸಿಕೊಟ್ಟರು. ಈ ಸೆಳೆತಕ್ಕೆ ಲಂಡನ್ ಬಲವೆಂಬ ಹೆಸರು ಬಂದದ್ದು ಅವರಿಂದ, ನಗರದಿಂದಲ್ಲ. ಹೈಡ್ರೋಜನ್ ಬಂಧ ಎಷ್ಟು ಹೆಚ್ಚಿನದೆಂದು ತಿಳಿಯಲು ಮೀಥೇನನ್ನು ನೀರಿನ ಪಕ್ಕದಲ್ಲಿಟ್ಟು ನೋಡಿದರೆ ಸಾಕು: ಮೀಥೇನಿನ ಅಣುರಾಶಿ 16, ನೀರಿನದು 18, ತೂಕದಲ್ಲಿ ಅಕ್ಕಪಕ್ಕದವು. ಆದರೆ ಸಮುದ್ರಮಟ್ಟದಲ್ಲಿ ಮೀಥೇನ್ ಕುದಿಯುವುದು ಸೊನ್ನೆಗಿಂತ 161 ಡಿಗ್ರಿ ಕೆಳಗೆ, ನೀರು ಕುದಿಯುವುದು ಸೊನ್ನೆಗಿಂತ 100 ಡಿಗ್ರಿ ಮೇಲೆ.

ಇನ್ನೊಂದು ಮಾತು ಪದಗಳ ಬಗ್ಗೆ. ಮಾತಿನಲ್ಲಿ ನಾವು ಉಷ್ಣ ಮತ್ತು ತಾಪ ಎಂಬ ಪದಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತೇವೆ. ಈ ಪ್ರಯೋಗದಲ್ಲಿ ಹಾಗೆ ಮಾಡಬಾರದು. ಉಷ್ಣವೆಂದರೆ ಒಲೆಯಿಂದ ಪಾತ್ರೆಗೆ ಹರಿಯುವ ಶಕ್ತಿ. ತಾಪವೆಂದರೆ ಥರ್ಮಾಮೀಟರ್ ತೋರಿಸುವ ಅಂಕಿ, ಎಂದರೆ ಅಣುಗಳ ಸರಾಸರಿ ಚಲನಶಕ್ತಿಯ ಅಳತೆ. ಉಷ್ಣ ಹರಿಯುತ್ತಲೇ ಇದ್ದರೂ ತಾಪ ಏರದೆ ನಿಲ್ಲುವ ಎರಡು ಘಟ್ಟಗಳನ್ನು ಕಣ್ಣಾರೆ ಕಾಣುವುದಕ್ಕಾಗಿಯೇ ಈ ಶ್ರಮ.

ಬೇಕಾಗುವ ಸಾಮಗ್ರಿ

500 ಮಿಲಿಲೀಟರ್ ಹಿಡಿಯುವ ಬೋರೋಸಿಲಿಕೇಟ್ ಗಾಜಿನ ಬೀಕರ್, 110 ಡಿಗ್ರಿಯವರೆಗೆ ಅಳೆಯುವ ಥರ್ಮಾಮೀಟರ್, ಅದನ್ನು ಹಿಡಿದು ನಿಲ್ಲಿಸುವ ಸ್ಟ್ಯಾಂಡ್, ಗಾಜಿನ ಕಡ್ಡಿ, ತ್ರಿಪಾದಿ ಮತ್ತು ತಂತಿಜಾಲರಿ, ಗಡಿಯಾರ, ಗ್ರಾಫ್ ಹಾಳೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಒಲೆಯಾಗಿ ವಿದ್ಯುತ್ ಹಾಟ್‌ಪ್ಲೇಟ್ ಇದ್ದರೆ ಅದೇ ಉತ್ತಮ, ಏಕೆಂದರೆ ಅದು ಕೊಡುವ ಉಷ್ಣ ನಿಮಿಷದಿಂದ ನಿಮಿಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಕಡಿಮೆ ಉರಿಯ ಒಂದು ಮಟ್ಟದಲ್ಲಿ ಹತ್ತು ನಿಮಿಷ ಕಾಯಿಸಿಟ್ಟು, ಆಮೇಲೆ ಬೀಕರನ್ನು ಇಡಬೇಕು. ಸ್ಪಿರಿಟ್ ದೀಪವಾದರೆ ಗಾಳಿ ಬೀಸದ ಮೂಲೆಯನ್ನು ಆರಿಸಿಕೊಳ್ಳಿ.

ಮಂಜುಗಡ್ಡೆಯನ್ನು ಕುಡಿಯುವ ನೀರಿನಿಂದ ಫ್ರಿಜ್ಜಿನಲ್ಲಿಯೇ ಮಾಡಿಕೊಳ್ಳಿ. ಮೀನಿನ ಅಂಗಡಿಯಿಂದ ತಂದದ್ದು ಬೇಡ. ಅದರಲ್ಲಿ ಉಪ್ಪು ಬೆರೆತಿದ್ದರೆ ಕರಗುವ ತಾಪ ಸೊನ್ನೆಗಿಂತ ಕೆಳಗಿಳಿದು ಇಡೀ ಲೆಕ್ಕ ಹಾಳಾಗುತ್ತದೆ.

ಮೊದಲ ಹಂತ: ಥರ್ಮಾಮೀಟರನ್ನು ಪರೀಕ್ಷಿಸುವುದು

ಈ ಹಂತವನ್ನು ಬಿಟ್ಟವರಿಗೆ ಕೊನೆಯಲ್ಲಿ 96 ಬಂದಾಗ ಅದನ್ನು ನಂಬುವ ಧೈರ್ಯವಿರುವುದಿಲ್ಲ. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಸೇರಿಸಿ, ಕಲಕಿ, ಥರ್ಮಾಮೀಟರಿನ ಬುರುಡೆ ಪೂರ್ತಿ ಮುಳುಗುವಂತೆ ಇಟ್ಟು ಮೂರು ನಿಮಿಷ ಕಾಯಿರಿ. ಅಂಕಿ ಸೊನ್ನೆಯಲ್ಲಿ ನಿಂತರೆ ಒಳ್ಳೆಯದು. ಒಂದು ಡಿಗ್ರಿ ಎಂದು ತೋರಿಸಿದರೆ ಮುಂದಿನ ಎಲ್ಲ ಅಂಕಿಗಳಿಂದ ಒಂದನ್ನು ಕಳೆಯಬೇಕು. ಶಾಲೆಯ ಥರ್ಮಾಮೀಟರುಗಳಲ್ಲಿ ಇಂಥ ದೋಷ ಅಪರೂಪವಲ್ಲ.

ಬೆಟ್ಟದ ಊರಿನಲ್ಲಿ ಕುದಿಯುವ ಬಿಂದು ಇಳಿಯುವಂತೆ ಕರಗುವ ಬಿಂದುವೂ ಬದಲಾಗುವುದಿಲ್ಲವೇ ಎಂದು ಯಾರಾದರೂ ವಿದ್ಯಾರ್ಥಿ ಕೇಳಿದರೆ ಸಂತೋಷಪಡಬೇಕು, ಅದು ಅಷ್ಟು ಒಳ್ಳೆಯ ಪ್ರಶ್ನೆ. ಒತ್ತಡ ಒಂದು ವಾತಾವರಣದಷ್ಟು ಬದಲಾದರೂ ಮಂಜುಗಡ್ಡೆ ಕರಗುವ ತಾಪ ಬದಲಾಗುವುದು ಡಿಗ್ರಿಯ ನೂರನೆಯ ಒಂದು ಭಾಗಕ್ಕಿಂತ ಕಡಿಮೆ. ಮಂಜುಗಡ್ಡೆ ನೀರಾಗುವಾಗ ಗಾತ್ರದಲ್ಲಿ ಆಗುವ ಬದಲಾವಣೆ ಹತ್ತನೆಯ ಒಂದು ಭಾಗದಷ್ಟೂ ಇಲ್ಲ. ಆದ್ದರಿಂದ ಹೊರಗಿನ ಗಾಳಿ ಎಷ್ಟು ಒತ್ತುತ್ತಿದೆ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮಂಗಳೂರಿನಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಮಂಜುಗಡ್ಡೆ ಸೊನ್ನೆಯಲ್ಲೇ ಕರಗುತ್ತದೆ. ಕುದಿಯುವಾಗಿನ ಕಥೆ ಬೇರೆ, ಅದನ್ನು ಮುಂದೆ ನೋಡೋಣ.

ಎರಡನೆಯ ಹಂತ: ಕರಗಿಸುವುದು

ಪುಡಿಮಾಡಿದ ಮಂಜುಗಡ್ಡೆ ಹನಿಯಿಡುವ ಹಂತಕ್ಕೆ ಬರುವವರೆಗೆ ಹೊರಗಿಟ್ಟು, ನೀರನ್ನು ಸೋಸಿ, ಒಣಬಟ್ಟೆಯಲ್ಲಿ ಒತ್ತಿ, 200 ಗ್ರಾಂ ತೂಗಿ ಬೀಕರಿಗೆ ಹಾಕಿರಿ. ಹೀಗೆ ಮಾಡುವುದರಿಂದ ಎಲ್ಲ ಮಂಜುಗಡ್ಡೆಯೂ ಸೊನ್ನೆಗೆ ಹತ್ತಿರದ ತಾಪದಲ್ಲಿರುತ್ತದೆ. ಫ್ರೀಜರಿನಿಂದ ನೇರವಾಗಿ ತೆಗೆದ ಗಡ್ಡೆ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರಬಹುದು. ಬೀಕರನ್ನು ಒಲೆಯ ಮೇಲಿಟ್ಟ ಕ್ಷಣವನ್ನು ಬರೆದುಕೊಂಡು, ಪ್ರತಿ ಅರ್ಧ ನಿಮಿಷಕ್ಕೊಮ್ಮೆ ತಾಪವನ್ನು ಗುರುತಿಸುತ್ತ, ಗಾಜಿನ ಕಡ್ಡಿಯಿಂದ ಬಿಡದೆ ಕಲಕುತ್ತಿರಬೇಕು. ಥರ್ಮಾಮೀಟರಿನಿಂದ ಕಲಕಬೇಡಿ, ಅದರ ಬುರುಡೆ ತಳಕ್ಕೆ ತಾಗದಿರಲಿ. ಕಲಕುವುದನ್ನು ನಿಲ್ಲಿಸಿದರೆ ತಳದ ನೀರು ಬೆಚ್ಚಗಾಗಿ ಮೇಲೆ ಗಡ್ಡೆ ತೇಲುತ್ತಿರುತ್ತದೆ. ಆಗ ಥರ್ಮಾಮೀಟರ್ ಹೇಳುವುದು ಬುರುಡೆಯಿರುವ ಜಾಗದ ತಾಪವನ್ನು ಮಾತ್ರ.

ಮೊದಲ ಕೆಲವು ನಿಮಿಷ ಅಂಕಿ ಕದಲುವುದಿಲ್ಲ. ಮಕ್ಕಳು ಬೇಸರಪಟ್ಟು ಉರಿ ಹೆಚ್ಚಿಸಲು ಹೋಗುವುದು ಇಲ್ಲಿಯೇ, ಅದಕ್ಕೆ ಅವಕಾಶ ಕೊಡಬೇಡಿ. ಉರಿ ಒಂದೇ ಸಮನಾಗಿದ್ದರೆ ಮಾತ್ರ ಕಳೆದ ಸಮಯವೇ ಕೊಟ್ಟ ಉಷ್ಣದ ಅಳತೆಯಾಗುತ್ತದೆ. ಕೊನೆಯ ಚೂರು ಮಾಯವಾದ ಸಮಯವನ್ನೂ, ಅನಂತರ ತಾಪ 50 ಡಿಗ್ರಿ ಮುಟ್ಟಿದ ಸಮಯವನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ.

ಮಂಜುಗಡ್ಡೆಯಲ್ಲಿ ಪ್ರತಿಯೊಂದು ಅಣುವೂ ಸುತ್ತಲಿನ ನಾಲ್ಕು ಅಣುಗಳೊಂದಿಗೆ ಹೈಡ್ರೋಜನ್ ಬಂಧ ಇಟ್ಟುಕೊಂಡು ತನ್ನ ಜಾಗದಲ್ಲೇ ಅಲುಗಾಡುತ್ತಿರುತ್ತದೆ. ಒಲೆಯ ಉಷ್ಣ ಈಗ ಅಣುಗಳ ವೇಗವನ್ನು ಹೆಚ್ಚಿಸುತ್ತಿಲ್ಲ, ಆ ಕಟ್ಟನ್ನು ಸಡಿಲಿಸುವುದಕ್ಕೆ ವೆಚ್ಚವಾಗುತ್ತಿದೆ. ಥರ್ಮಾಮೀಟರಿಗೆ ಕಾಣದ ಈ ಉಷ್ಣವನ್ನು ಹದಿನೆಂಟನೆಯ ಶತಮಾನದಲ್ಲಿ ಗುರುತಿಸಿದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಕನ್ನಡದಲ್ಲಿ ಇದಕ್ಕೆ ಗುಪ್ತೋಷ್ಣ ಎನ್ನುತ್ತೇವೆ. ಇದಕ್ಕಿಂತ ಸರಿಯಾದ ಪದ ಸಿಗಲಾರದು.

ಮೂರನೆಯ ಹಂತ: ಕುದಿಸುವುದು

ಅದೇ ಉರಿಯಲ್ಲಿ ಮುಂದುವರಿಸಿ. ಬಿಸಿಯೇರುತ್ತಿದ್ದಂತೆ ಬೀಕರಿನ ಗೋಡೆಗೆ ಅಂಟಿಕೊಳ್ಳುವ ಸಣ್ಣ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿಯವು, ಅದು ಇನ್ನೂ ಕುದಿತವಲ್ಲ. ಎಂಬತ್ತು ಡಿಗ್ರಿ ದಾಟಿದ ಮೇಲೆ ತಳದಲ್ಲಿ ಹುಟ್ಟುವ ಆವಿಯ ಗುಳ್ಳೆಗಳು ಮೇಲಿನ ತಣ್ಣನೆಯ ನೀರಿಗೆ ಬಂದು ಕುಸಿಯುತ್ತವೆ. ಎಸರು ಮರಳುವ ಮುಂಚೆ ಪಾತ್ರೆಯಿಂದ ಕೇಳಿಬರುವ ಸದ್ದು ಈ ಕುಸಿತದ್ದೇ. ಆಮೇಲೆ ಸದ್ದು ತಗ್ಗಿ, ಗುಳ್ಳೆಗಳು ತಳದಿಂದ ಮೇಲಿನವರೆಗೂ ಒಡೆಯದೆ ಬಂದು, ಥರ್ಮಾಮೀಟರ್ ಎರಡನೆಯ ಬಾರಿ ನಿಲ್ಲುತ್ತದೆ. ಆ ಅಂಕಿಯನ್ನು ಐದು ಬಾರಿ ಬರೆದುಕೊಳ್ಳಿ. ಚಿಕ್ಕಮಗಳೂರಿನಲ್ಲಿ ಅದು 96ರಿಂದ 97ರ ನಡುವೆ ಇರುತ್ತದೆ. ಅದಕ್ಕಿಂತ ನೂರು ಮೀಟರಿನಷ್ಟು ತಗ್ಗಿನಲ್ಲಿರುವ ಹಾಸನದಲ್ಲಿ ಸ್ವಲ್ಪವೇ ಹೆಚ್ಚು, ಎಂದರೆ 97ಕ್ಕೆ ಸಮೀಪ. ಈಗ, ಬರೆದುಕೊಂಡ ಮೇಲೆ ಮಾತ್ರ, ಉರಿಯನ್ನು ಹೆಚ್ಚಿಸಿ ನೋಡಬಹುದು: ನೀರು ಹೆಚ್ಚು ರಭಸದಿಂದ ಕುದಿಯುತ್ತದೆ, ತಾಪ ಏರುವುದಿಲ್ಲ.

ಏಕೆ 96? ದ್ರವದಿಂದ ಹೊರಟ ಅಣುಗಳ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ಗುಳ್ಳೆ ಕುಸಿಯದೆ ಉಳಿಯುತ್ತದೆ, ಅದೇ ಕುದಿತ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್, ಚಿಕ್ಕಮಗಳೂರಿನಲ್ಲಿ ಸುಮಾರು 89. ಇಲ್ಲಿಯ ಒಂದು ಗ್ರಾಂ ನೀರು ಆವಿಯಾದರೆ ಗಾತ್ರ ಸುಮಾರು 1,900 ಪಟ್ಟು ಹಿಗ್ಗುತ್ತದೆ. ಅಷ್ಟು ಜಾಗಕ್ಕಾಗಿ ಅದು ಗಾಳಿಯನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಬೇಕಾದ ಗಾಳಿಯ ಒತ್ತಡ ಕಡಿಮೆಯಿದ್ದಲ್ಲಿ ಕಡಿಮೆ ತಾಪವೇ ಸಾಕಾಗುತ್ತದೆ. ಅಣುಗಳ ನಡುವಿನ ಸೆಳೆತ ಮಂಗಳೂರಿನ ನೀರಿನಲ್ಲಿ ಎಷ್ಟೋ ನಮ್ಮೂರಿನ ನೀರಿನಲ್ಲಿಯೂ ಅಷ್ಟೇ. ಬದಲಾದದ್ದು ಮೇಲಿನಿಂದ ಒತ್ತುವ ಗಾಳಿ. ಕರಗುವ ಬಿಂದು ಏಕೆ ಬದಲಾಗಲಿಲ್ಲ, ಕುದಿಯುವ ಬಿಂದು ಏಕೆ ಬದಲಾಯಿತು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಈ ಗಾತ್ರದ ಲೆಕ್ಕದಲ್ಲಿಯೇ ಇದೆ.

ಕುದಿಯುವ ಬೀಕರಿನ ಮೇಲೆ ಕೈಯನ್ನಾಗಲಿ ಮುಖವನ್ನಾಗಲಿ ತರಬಾರದು. ಒಂದು ಗ್ರಾಂ ಆವಿ ಚರ್ಮದ ಮೇಲೆ ನೀರಾದರೆ ಅದೊಂದರಿಂದಲೇ ಸುಮಾರು 2,260 ಜೂಲ್ ಉಷ್ಣ ಬಿಡುಗಡೆಯಾಗುತ್ತದೆ. ಅದೇ ತಾಪದ ನೀರಿಗಿಂತ ಆವಿ ಹೆಚ್ಚು ಸುಡುವುದು ಇದರಿಂದಲೇ.

ನಾಲ್ಕನೆಯ ಹಂತ: ಗ್ರಾಫ್ ಮತ್ತು ಲೆಕ್ಕ

ಅಡ್ಡಕ್ಕೆ ಸಮಯವನ್ನೂ ಉದ್ದಕ್ಕೆ ತಾಪವನ್ನೂ ಹಾಕಿ ಗೆರೆಯೆಳೆದರೆ ಒಂದು ಮಟ್ಟಸ, ಒಂದು ಏರು, ಮತ್ತೆ ಒಂದು ಮಟ್ಟಸ ಕಾಣುತ್ತದೆ. ಮಟ್ಟಸದ ಉದ್ದವನ್ನು ಅಳೆಯಿರಿ. ಒಂದು ಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು 4.18 ಜೂಲ್ ಬೇಕು. ಆದ್ದರಿಂದ ಸೊನ್ನೆಯಿಂದ 50ರವರೆಗೆ ಗ್ರಾಂ ಒಂದಕ್ಕೆ 209 ಜೂಲ್. ಕರಗಲು ಹಿಡಿದ ಸಮಯವನ್ನು ಸೊನ್ನೆಯಿಂದ 50ಕ್ಕೆ ಏರಲು ಹಿಡಿದ ಸಮಯದಿಂದ ಭಾಗಿಸಿ 209ರಿಂದ ಗುಣಿಸಿದರೆ ಕರಗುವ ಗುಪ್ತೋಷ್ಣ ಸಿಗುತ್ತದೆ. ಉದಾಹರಣೆಗೆ, ಏರಲು ಐದು ನಿಮಿಷವೂ ಕರಗಲು ಎಂಟು ನಿಮಿಷವೂ ಹಿಡಿದರೆ ಉತ್ತರ 334. ಇದು ಪುಸ್ತಕದ ಬೆಲೆಯೇ. ನಿಮ್ಮ ಉತ್ತರ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಬರುತ್ತದೆ, ಏಕೆಂದರೆ ತಣ್ಣಗಿರುವ ಬೀಕರು ಕೋಣೆಯ ಗಾಳಿಯಿಂದಲೂ ಉಷ್ಣ ಪಡೆದು ಬೇಗ ಕರಗಿಸುತ್ತದೆ, ಬಿಸಿಯಾದ ಮೇಲೆ ಗಾಳಿಗೆ ಉಷ್ಣ ಕಳೆದುಕೊಂಡು ನಿಧಾನವಾಗಿ ಏರುತ್ತದೆ. ಆ ಕೊರತೆಯನ್ನು ಮುಚ್ಚಿಡದೆ ಕಾರಣಸಹಿತ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಬೇಕು.

ಎರಡನೆಯ ಮಟ್ಟಸದ ಕೊನೆಯನ್ನು ಕಾಯಬೇಡಿ. ಬೀಕರು ಬತ್ತಿದರೆ ಗಾಜು ಸೀಳುತ್ತದೆ. ಅದರ ಬದಲು ಕುದಿಯುವ ಬೀಕರನ್ನು ಇಕ್ಕಳದಿಂದ ಹಿಡಿದು, ತಕ್ಕಡಿಯ ಮೇಲೆ ಮರದ ಹಲಗೆಯಿಟ್ಟು ತೂಗಿ, ಹತ್ತು ನಿಮಿಷ ಕುದಿಸಿ ಮತ್ತೆ ತೂಗಿದರೆ ಆವಿಯಾದ ನೀರಿನ ತೂಕ ಗೊತ್ತಾಗುತ್ತದೆ. ಉರಿ ಮೊದಲಿನಷ್ಟೇ ಇದ್ದರೆ, ಇಷ್ಟು ಸಮಯದಲ್ಲಿ ಆವಿಯಾದದ್ದು ಎಷ್ಟು ಕಡಿಮೆ ಎಂದು ಮಕ್ಕಳಿಗೆ ಆಶ್ಚರ್ಯವಾಗುತ್ತದೆ. ಗ್ರಾಂ ಒಂದನ್ನು ಕರಗಿಸಲು 334 ಜೂಲ್, ಸೊನ್ನೆಯಿಂದ ಕುದಿಬಿಂದುವಿಗೆ ಏರಿಸಲು ಸುಮಾರು 403, ಆವಿಯಾಗಿಸಲು ಸುಮಾರು 2,266. ಕರಗುವಾಗ ಅಣುಗಳ ಕಟ್ಟು ಸಡಿಲವಾಗುತ್ತದೆಯೇ ಹೊರತು ಹೈಡ್ರೋಜನ್ ಬಂಧಗಳಲ್ಲಿ ಬಹುಪಾಲು ನೀರಿನಲ್ಲಿಯೂ ಮುರಿಯುತ್ತ ಕೂಡುತ್ತ ಉಳಿದಿರುತ್ತವೆ. ಆವಿಯಾಗುವಾಗ ಪ್ರತಿಯೊಂದು ಅಣುವೂ ನೆರೆಯವರೆಲ್ಲರನ್ನೂ ಬಿಟ್ಟು ಹೊರಡಬೇಕು. ಆರೇಳು ಪಟ್ಟು ವ್ಯತ್ಯಾಸಕ್ಕೆ ಕಾರಣ ಅದು.

ಐದನೆಯ ಹಂತ: ಬೇರೆ ವಸ್ತುಗಳ ಸೆಳೆತ

ಒಲೆಯನ್ನು ಪೂರ್ತಿ ಆರಿಸಿ, ಕಿಟಕಿ ತೆರೆದ ಮೇಲೆಯೇ ಇದನ್ನು ಮಾಡಬೇಕು. ಗಾಜಿನ ಫಲಕದ ಮೇಲೆ ಅಸಿಟೋನ್, ಸ್ಪಿರಿಟ್, ನೀರು, ಕೊಬ್ಬರಿ ಎಣ್ಣೆ ಇವುಗಳ ಒಂದೊಂದು ಹನಿಯನ್ನಿಟ್ಟು ಯಾವುದು ಮೊದಲು ಆರುತ್ತದೆ ನೋಡಿ. ಅಸಿಟೋನ್ ಮೊದಲು, ಸ್ಪಿರಿಟ್ ಅನಂತರ, ನೀರು ಬಹಳ ತಡವಾಗಿ; ಎಣ್ಣೆಯ ಹನಿ ಮರುದಿನವೂ ಹಾಗೆಯೇ ಇರುತ್ತದೆ. ಸಮುದ್ರಮಟ್ಟದಲ್ಲಿ ಅಸಿಟೋನ್ 56, ಸ್ಪಿರಿಟಿನ ಎಥನಾಲ್ 78, ನೀರು 100 ಡಿಗ್ರಿಗೆ ಕುದಿಯುತ್ತವೆ. ಅಣುರಾಶಿಗಳೋ ಕ್ರಮವಾಗಿ 58, 46 ಮತ್ತು 18, ಎಂದರೆ ಅತಿ ಹಗುರವಾದ ಅಣುವೇ ಎಲ್ಲಕ್ಕಿಂತ ತಡವಾಗಿ ಹೊರಡುತ್ತಿದೆ. ಅಸಿಟೋನಿನ ಅಣುಗಳು ತಮ್ಮತಮ್ಮಲ್ಲಿ ಹೈಡ್ರೋಜನ್ ಬಂಧ ಮಾಡಿಕೊಳ್ಳಲಾರವು, ಎಥನಾಲಿನಲ್ಲಿ ಅದಕ್ಕೊದಗುವ ಹೈಡ್ರೋಜನ್ ಒಂದೇ, ನೀರಿನಲ್ಲಿ ಎರಡು.

ಎಣ್ಣೆಯ ವಿಷಯ ಬೇರೆ ರೀತಿಯದು. ಅಲ್ಲಿ ಹೈಡ್ರೋಜನ್ ಬಂಧವಿಲ್ಲ, ಇರುವುದು ಹೆಚ್ಚಾಗಿ ಲಂಡನ್ ಬಲ. ಆದರೆ ಉದ್ದನೆಯ ಇಂಗಾಲದ ಸರಪಳಿಗಳ ಪೂರ್ತಿ ಉದ್ದಕ್ಕೂ ಅದು ಕೂಡುತ್ತ ಹೋಗಿ ಒಟ್ಟು ಮೊತ್ತ ನೀರನ್ನೂ ಮೀರಿಸುತ್ತದೆ. ಲಂಡನ್ ಬಲ ದುರ್ಬಲವೆಂದು ಬಾಯಿಪಾಠ ಮಾಡಿದವರಿಗೆ ಈ ಹನಿಯನ್ನು ತೋರಿಸಬೇಕು. ಡಿಸೆಂಬರಿನ ಬೆಳಗ್ಗೆ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ, ಪಕ್ಕದಲ್ಲಿರುವ ಸೂರ್ಯಕಾಂತಿ ಎಣ್ಣೆ ಗಟ್ಟಿಯಾಗುವುದಿಲ್ಲ. ಕೊಬ್ಬರಿ ಎಣ್ಣೆಯ ಸರಪಳಿಗಳು ಹೆಚ್ಚಾಗಿ ನೆಟ್ಟಗಿದ್ದು ಒತ್ತಾಗಿ ಜೋಡಿಸಿಕೊಳ್ಳುತ್ತವೆ. ಸೂರ್ಯಕಾಂತಿ ಎಣ್ಣೆಯವು ದ್ವಿಬಂಧಗಳಿರುವಲ್ಲಿ ಬಾಗಿರುವುದರಿಂದ ಹತ್ತಿರ ಬರಲಾರವು. ಕೊಬ್ಬರಿ ಎಣ್ಣೆಯನ್ನು ಕರಗಿಸಿ ಗ್ರಾಫ್ ಹಾಕಿದರೆ 24 ಡಿಗ್ರಿಯ ಸುಮಾರಿಗೆ ಗೆರೆ ನಿಧಾನವಾಗುತ್ತದೆ, ಮಂಜುಗಡ್ಡೆಯಲ್ಲಿ ಕಂಡಂಥ ಸ್ಪಷ್ಟ ಮಟ್ಟಸ ಸಿಗುವುದಿಲ್ಲ. ಅದು ಹಲವು ಅಣುಗಳ ಮಿಶ್ರಣವಾದ್ದರಿಂದ ಹಾಗಾಗುತ್ತದೆ, ನಿಮ್ಮ ತಪ್ಪಿನಿಂದಲ್ಲ.

ಕಾಫಿ ಕಣದಲ್ಲಿ ಕೆಲಸ ಮಾಡಿದ ಮನೆಯ ಮಕ್ಕಳಿಗೆ ಇನ್ನೊಂದು ಉದಾಹರಣೆ ಕೊಡಬಹುದು. ಹಸಿಬೀಜದ ಮೇಲಿನ ನೀರು ಬಿಸಿಲಿಗೆ ಬೇಗ ಆರುತ್ತದೆ. ಕೊನೆಯ ಕೆಲವು ಶೇಕಡಾ ತೇವ ಇಳಿಯುವುದಕ್ಕೆ ದಿನಗಳೇ ಬೇಕು. ಬೀಜದ ಕೋಶಭಿತ್ತಿಗಳಿಗೆ ಹೈಡ್ರೋಜನ್ ಬಂಧದಿಂದ ಅಂಟಿಕೊಂಡ ನೀರು ಸುಲಭವಾಗಿ ಬಿಡುವುದಿಲ್ಲ.

ಆರನೆಯ ಹಂತ: ಮುಳ್ಳಯ್ಯನಗಿರಿಗೆ ಹೋಗದೆ ಒತ್ತಡ ಇಳಿಸುವುದು

ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,925 ಮೀಟರ್ ಎತ್ತರವಿದೆ. ಅಲ್ಲಿ ನೀರು ಸುಮಾರು 93.5 ಡಿಗ್ರಿಗೆ ಕುದಿಯಬೇಕು. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುವ ಲೆಕ್ಕ. ಆದರೆ ದಯವಿಟ್ಟು ಅಲ್ಲಿಗೆ ಒಲೆ ಒಯ್ಯಬೇಡಿ. ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು, ಆ ಹುಲ್ಲುಗಾವಲೂ ಅದರ ಮಡಿಲಿನ ಶೋಲಾ ಕಾಡೂ ಮತ್ತೆ ಬೆಳೆಯಲು ಎಷ್ಟು ಕಾಲ ಬೇಕೆಂಬುದನ್ನು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ಅದರ ಬದಲು ಸೂಜಿಯಿಲ್ಲದ 20 ಮಿಲಿಲೀಟರಿನ ಪ್ಲಾಸ್ಟಿಕ್ ಸಿರಿಂಜ್ ತೆಗೆದುಕೊಳ್ಳಿ. ಸುಮಾರು 60 ಡಿಗ್ರಿಯ ನೀರನ್ನು ಐದು ಮಿಲಿಲೀಟರಿನಷ್ಟು ಎಳೆದುಕೊಂಡು, ಒಳಗಿನ ಗಾಳಿಯನ್ನು ಹೊರಹಾಕಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ತುದಿಯನ್ನು ರಬ್ಬರ್ ಮುಚ್ಚಳದಿಂದ ಬಿಗಿಯಾಗಿ ಮುಚ್ಚಿ, ಕೊಂತವನ್ನು (ಸಿರಿಂಜಿನೊಳಗೆ ಜಾರುವ ದಂಡವನ್ನು) ಬಲವಾಗಿ ಹಿಂದಕ್ಕೆ ಎಳೆಯಿರಿ. ಮೊದಲ ಸಲ ಏಳುವ ಗುಳ್ಳೆಗಳಲ್ಲಿ ಕರಗಿದ್ದ ಗಾಳಿಯೂ ಸೇರಿರುತ್ತದೆ. ಅದನ್ನು ಹೊರಹಾಕಿ ಮತ್ತೆರಡು ಬಾರಿ ಎಳೆದಾಗ ಕಾಣುವುದು ನಿಜವಾದ ಕುದಿತ. 60 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ ಸುಮಾರು 20 ಕಿಲೋಪ್ಯಾಸ್ಕಲ್. ಒಳಗಿನ ಒತ್ತಡ ಅಷ್ಟಕ್ಕೆ ಇಳಿದ ಕೂಡಲೇ ಅಷ್ಟು ತಾಪದ ನೀರೇ ಕುದಿಯುತ್ತದೆ. ಕೊಂತವನ್ನು ಬಿಟ್ಟರೆ ಆವಿ ಮತ್ತೆ ನೀರಾಗಿ ಗುಳ್ಳೆಗಳು ಮಾಯವಾಗುತ್ತವೆ. ಇದರ ವಿರುದ್ಧದ ಪ್ರಯೋಗವನ್ನು ಮನೆಯ ಪ್ರೆಶರ್ ಕುಕ್ಕರ್ ದಿನವೂ ಮಾಡುತ್ತಿರುತ್ತದೆ; ಅದು ಒತ್ತಡವನ್ನು ಏರಿಸಿ ಕುದಿಬಿಂದುವನ್ನು ನೂರರ ಮೇಲಕ್ಕೆ ಒಯ್ಯುತ್ತದೆ.

ಏಳನೆಯ ಹಂತ: ರೆಕಾರ್ಡ್ ಬರೆಯುವುದು

ಥರ್ಮಾಮೀಟರಿನ ದೋಷ ಎಷ್ಟಿತ್ತು, ಅದನ್ನು ಹೇಗೆ ಸರಿಪಡಿಸಲಾಯಿತು, ಊರು ಯಾವುದು, ಎತ್ತರ ಎಷ್ಟು, ಇವಿಷ್ಟೂ ಫಲಿತಾಂಶದ ಪಕ್ಕದಲ್ಲಿರಬೇಕು. ಕುದಿಬಿಂದುವನ್ನು ಒತ್ತಡದ ಹೆಸರಿಲ್ಲದೆ ಬರೆದರೆ ಅದು ಅರ್ಧ ವಾಕ್ಯ. ನಾನು ಈಗ ಮಕ್ಕಳಿಂದ ಬರೆಸುವುದು ಹೀಗೆ: “ಸ್ಥಳ ಚಿಕ್ಕಮಗಳೂರು, ಎತ್ತರ ಸುಮಾರು 1,090 ಮೀಟರ್, ಗಾಳಿಯ ಒತ್ತಡ ಸುಮಾರು 89 ಕಿಲೋಪ್ಯಾಸ್ಕಲ್. ಮಂಜುಗಡ್ಡೆ ಕರಗಿದ ತಾಪ 0 ಡಿಗ್ರಿ. ನೀರು ಕುದಿದ ತಾಪ 96.5 ಡಿಗ್ರಿ.” ಕೆಳಗೆ ನನ್ನ ಸಹಿ ಹಾಕುತ್ತೇನೆ, ಅಂಕಿಯನ್ನು ತಿದ್ದುವುದಿಲ್ಲ.